ಅಜ್ಜಿಯ ಉಪ್ಪಿನ ಲೆಕ್ಕ

ಅಜ್ಜಿ ಇಲ್ಲದೆ ಹಾಕಿದ ಮೊದಲ ಮಿಡಿ ಉಪ್ಪಿನಕಾಯಿ ಇದು. ಹಾಕುವುದೋ ಬೇಡವೋ ಅಂತ ಫೋನಿನಲ್ಲೇ ಬಹಳ ಮಾತಾಯಿತು. ಅಜ್ಜಿಯ ವರ್ಷಾಂತ ಇನ್ನೂ ಆಗಿಲ್ಲ ಅಂತ ಅತ್ತೆಗೆ ಹಿಂಜರಿಕೆ. ದೊಡ್ಡಮ್ಮ ಮಾತ್ರ, "ಮಿಡಿ ನಮಗೆ ಕಾಯ್ತಾ ಕೂರತ್ತಾ? ಬಲಿತರೆ ಮುಗೀತು" ಅಂದಳು. ಮಾರ್ಚಿನ ಒಂದು ಭಾನುವಾರ ಎಲ್ಲರೂ ಸಾಗರದ ಮನೆಗೆ ಬಂದರು.

ಮಾವಿನ ಮರ ಹತ್ತಿದವನು ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ಚೀಲಕ್ಕೆ ತುಂಬಿ, ಹಗ್ಗದಲ್ಲಿ ಇಳಿಸಿದ. ಉದುರಿಸುವ ಹಾಗಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸಾಕು, ಇಡೀ ಭರಣಿ ಕೆಡಲು. ಅಜ್ಜಿ ಇದ್ದಾಗ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಕೊನೆಕೊನೆಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಿತ್ತು. ಟಪ್ ಅಂತ ಸದ್ದಾದರೆ, "ಅದು ಅಪ್ಪೆಹುಳಿಗೆ ಆತು, ಈಚೆ ಇಡು ಕೂಸೇ" ಅನ್ನುತ್ತಿದ್ದಳು. ಅಪ್ಪೆಹುಳಿ ಅಂದರೆ ಮಾವಿನಕಾಯಿಯ ತೆಳು ಸಾರು.

ಈ ಮರ ನಮ್ಮ ಹಿತ್ತಲಿನದು, ಅಜ್ಜಿ ಹೊಗಳುತ್ತಿದ್ದ ಮರ ನೀರಿನಡಿ ಹೋಯಿತು. ಅವಳು ಮದುವೆಯಾಗಿ ಬಂದ ಮನೆ ಶರಾವತಿ ದಂಡೆಯಲ್ಲಿತ್ತು. ಒಳ್ಳೆಯ ಅಪ್ಪೆಮರಗಳು, ಅಂದರೆ ಉಪ್ಪಿನಕಾಯಿ ಮಿಡಿಯ ಮಾವಿನಮರಗಳು, ಬೆಳೆಯುವುದೇ ಹೊಳೆ ದಂಡೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮನೆ, ತೋಟ, ಮರ ಎಲ್ಲ ಮುಳುಗಿತು. ಅದಕ್ಕೂ ಮೊದಲೇ ಕಂಬ, ಬಾಗಿಲು ಬಿಚ್ಚಿ ಲಾರಿಗೆ ಹೇರಿದ್ದರಂತೆ. ಅಜ್ಜಿಯ ಮಡಿಲಲ್ಲಿ ಹಸುಗೂಸು ದೊಡ್ಡಪ್ಪ, ಕಾಲ ಸಂದಿಯಲ್ಲಿ ಉಪ್ಪಿನಕಾಯಿ ಭರಣಿ. ಆ ನೀರಿನಿಂದ ನಾಡಿಗೆಲ್ಲ ಕರೆಂಟು ಹೋಯಿತು. ನಮ್ಮ ಹೊಸ ಮನೆಗೆ ಬಂದಿದ್ದು ಎಷ್ಟೋ ವರ್ಷದ ಮೇಲೆ.

ಇದನ್ನೆಲ್ಲ ಅವಳು ಗೋಳಾಗಿ ಹೇಳಿದ್ದು ನಾನು ಕೇಳಿಲ್ಲ. ಆದರೆ ಮಳೆಗಾಲದಲ್ಲಿ ಪೇಪರು ಬಂದ ಕೂಡಲೇ, "ಎಷ್ಟಡಿ ಆತು?" ಅಂತ ಕೇಳುತ್ತಿದ್ದಳು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಅಲ್ಲಿಗೆ ಹತ್ತಿರ ಬಂತು ಅಂದರೆ, "ಗೇಟು ಎತ್ತುತ್ತಾರೆ. ಜೋಗ ನೋಡಲು ನೆಂಟರು ಬರ್ತಾರೆ. ಅಕ್ಕಿ ನೆನೆಹಾಕಿ" ಅನ್ನುವುದೇ. ನೆಂಟರು ಬಂದೂ ಬರುತ್ತಿದ್ದರು!

ಮಮತೆಯ ಮೂರ್ತಿ ಅಂತೆಲ್ಲ ಬರೆದರೆ ನಮ್ಮ ಮನೆಯವರೇ ನಗುತ್ತಾರೆ. ಬೈಗುಳ ಜಾಸ್ತಿ. ತೆಂಗಿನಕಾಯಿ ಎಣಿಸಿಡುತ್ತಿದ್ದಳು. ಸೊಸೆಯರು ಅವಳಿಗೆ ಹೆದರುತ್ತಲೇ ಮುದುಕರಾದರು.

ಅವತ್ತು ಗಲಾಟೆ ಶುರುವಾಗಿದ್ದು ಉಪ್ಪಿನ ವಿಷಯಕ್ಕೆ. ಮಿಡಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತೊಟ್ಟು ಗಿಡ್ಡ ಮಾಡಿ ಇಟ್ಟಾಗಿತ್ತು. ಹರಳುಪ್ಪು ಸುರಿಯಬೇಕು, ಅಷ್ಟೇ. ನಾಲ್ಕು ಸೇರು ಮಿಡಿಗೆ ಒಂದು ಸೇರು ಅಂತ ದೊಡ್ಡಮ್ಮ. "ಐದಕ್ಕೊಂದು ಅಲ್ವಾ?" ಅಂದಳು ಚಿಕ್ಕಮ್ಮ. ಅತ್ತೆ ಮೂರಕ್ಕೊಂದು ಅಂತ ಹಟ ಹಿಡಿದಳು. ಮೂವರೂ ಅಜ್ಜಿಯ ಬಾಯಿಂದಲೇ ಕೇಳಿದ್ದಂತೆ, ಆಣೆ ಮಾಡುವುದೊಂದು ಬಾಕಿ. ಯಾರಿಗೆ ನಿಜ ಹೇಳಿದಳು, ಯಾರಿಗೆ ಸುಳ್ಳು ಹೇಳಿದಳು ಅಂತ ಹಳೆಯ ಸಿಟ್ಟೆಲ್ಲ ಮೇಲೆ ಬರುವುದರಲ್ಲಿತ್ತು.

ಅಮ್ಮ ಅಲ್ಲಿಯವರೆಗೂ ಮಾತಾಡಿರಲಿಲ್ಲ. ಅಜ್ಜಿ ಜೊತೆ ಈ ಮನೆಯಲ್ಲೇ ಇದ್ದವಳು ಅವಳು. "ನಿಮ್ಮ ನಿಮ್ಮ ಮನೆ ನೋಡ್ಕೊಂಡು ಹೇಳಿದಾರೆ" ಅಂದಳು. ಅತ್ತೆಯ ಮನೆ ಹೊನ್ನಾವರದಲ್ಲಿ. ಅಲ್ಲಿನ ಸೆಕೆಗೆ ಉಪ್ಪು ಕಮ್ಮಿಯಾದರೆ ಬೂಸ್ಟು ಬರುತ್ತದೆ. ಬೆಂಗಳೂರಿನ ಚಿಕ್ಕಮ್ಮ ಹೇಗೂ ಫ್ರಿಜ್ಜಿಗೆ ಸೇರಿಸುವವಳು, ಅವಳಿಗೆ ಐದಕ್ಕೊಂದು ಸಾಕು. ದೊಡ್ಡಮ್ಮನದು ಶಿವಮೊಗ್ಗ, ನಡುವಿನ ಲೆಕ್ಕ. ಅಜ್ಜಿ ಬೆಂಗಳೂರಿಗೆ ಹೋಗಿದ್ದೇ ಅಪರೂಪ, ಆದರೂ ಫ್ರಿಜ್ಜಿನ ಲೆಕ್ಕ ಹಾಕಿದ್ದಳು ನೋಡಿ.

"ಹಂಗಾದ್ರೆ ಕರೆಂಟು ಹೋದರೆ ನನ್ನ ಗತಿ?" ಅಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು.

ಮೂವರ ಮಿಡಿಯೂ ಅವರವರ ಲೆಕ್ಕದ ಉಪ್ಪಿಗೆ ಬಿತ್ತು. ಇನ್ನು ಚಿರುಟಿ, ಉಪ್ಪುನೀರು ಬಿಟ್ಟಮೇಲೆ ಸಾಸಿವೆ, ಮೆಣಸು ಅರೆಯುವ ಕೆಲಸ ಅವರವರದೇ. ಸಾಗರದ ಭರಣಿಗೆ ನಾಲ್ಕಕ್ಕೊಂದು ಅಂತ ತೀರ್ಮಾನವಾಯಿತು. ಅಮ್ಮ ಅಳೆದು ಹಾಕಿದಳು. ಎಲ್ಲರೂ ಊಟಕ್ಕೆ ಎದ್ದಮೇಲೆ ಇನ್ನೊಂದು ಮುಷ್ಟಿ ಉಪ್ಪು ಸೇರಿಸಿದಳು.

"ಅದೆಂತಕ್ಕೆ?" ಅಂತ ಕೇಳಿದೆ.

"ಅವರು ಹಂಗೇ ಮಾಡ್ತಿದ್ರು. ನೀ ಬಾಯಿ ಬಿಡಬೇಡ" ಅಂದಳು.