ನಮ್ಮನ್ನು ಕೇಳದೆ ಬದಲಾದ ಮೀಟರ್

ಹೋದ ತಿಂಗಳು ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಹೊರಗೋಡೆಯ ಮೇಲೆ ಹೊಸ ಕರೆಂಟ್ ಮೀಟರ್ ಕೂತಿತ್ತು. ಹಳೆಯದಕ್ಕಿಂತ ಚಿಕ್ಕದು. ಸುತ್ತ ಬಣ್ಣ ಕಾಣದ ಗೋಡೆಯ ಚೌಕ ಹಾಗೇ ಉಳಿದಿತ್ತು. ಬಾಗಿಲ ಸಂದಿಯಲ್ಲಿ ಒಂದು ಚೀಟಿ: ನಿಮ್ಮ ಮೀಟರ್ ಬದಲಾಯಿಸಲಾಗಿದೆ, ಸಹಕಾರಕ್ಕೆ ಧನ್ಯವಾದಗಳು. ನಾವು ಯಾವ ಸಹಕಾರವನ್ನೂ ಕೊಟ್ಟಿರಲಿಲ್ಲ, ನಮ್ಮನ್ನು ಯಾರೂ ಕೇಳಿರಲೇ ಇಲ್ಲ.

ಹಳೆಯ ಮೀಟರಿನ ಗಾಜಿನ ಹಿಂದೆ ಅಲ್ಯೂಮಿನಿಯಂ ತಟ್ಟೆಯೊಂದು ತಿರುಗುತ್ತಿತ್ತು. ಅದರ ಅಂಚಿನಲ್ಲಿ ಒಂದು ಕಪ್ಪು ಗುರುತು. ಗೀಸರ್ ಹಾಕಿದರೆ ಗುರುತು ಸರಸರ ಓಡುತ್ತಿತ್ತು, ಎಲ್ಲ ಆರಿಸಿದರೆ ತೆವಳುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಅಲ್ಲೇ ನಿಂತು ಅದು ಎಷ್ಟು ಸುತ್ತು ಬಂತು ಅಂತ ಎಣಿಸುತ್ತಿದ್ದಳು. ತಿಂಗಳಿಗೊಮ್ಮೆ ಒಬ್ಬರು ಬಂದು ಅಂಕಿ ಬರೆದುಕೊಂಡು ಹೋಗುತ್ತಿದ್ದರು. ವರ್ಷಕ್ಕೆ 12 ಅಂಕಿ, ಅಷ್ಟೇ.

ಹೊಸದು ಸ್ಮಾರ್ಟ್ ಮೀಟರ್, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರೆದುಕೊಂಡು ತಾನೇ ಕಂಪನಿಗೆ ಕಳಿಸುತ್ತದೆ. ದಿನಕ್ಕೆ 96, ವರ್ಷಕ್ಕೆ 35,040. ಕರೆಂಟ್ ಕಂಪನಿಗೆ ಫೋನ್ ಮಾಡಿ ಕೇಳಿದೆ. ಆ ಕಡೆಯಿದ್ದ ಹೆಣ್ಣುಮಗಳು ತುಂಬಾ ಸಮಾಧಾನದಿಂದಲೇ ಮಾತಾಡಿದರು. "ಮೀಟರ್ ಕಂಪನಿಯ ಆಸ್ತಿ ಸಾರ್, ಅದಕ್ಕೆ ನಿಮ್ಮ ಒಪ್ಪಿಗೆ ಬೇಕಾಗಲ್ಲ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ನನಗೆ ಇವತ್ತಿಗೂ ಗಂಟಲಿಗಿಳಿದಿಲ್ಲ. ಪೆಟ್ಟಿಗೆ ಅವರದೇ ಇರಲಿ, ಅದು ಬರೆದುಕೊಳ್ಳುತ್ತಿರುವುದು ನಮ್ಮ ಮನೆಯೊಳಗಿನ ದಿನಚರಿ ಅಲ್ವಾ?

ಕರೆಂಟಿನ ಲೆಕ್ಕದಲ್ಲಿ ಏನು ಮಹಾ ಗುಟ್ಟು ಅಂತ ಸ್ನೇಹಿತರು ಕೇಳಿದರು. 1980ರ ದಶಕದಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಹಾರ್ಟ್ ಎಂಬವರು ಇದರ ಮೇಲೆ ಕೆಲಸ ಮಾಡಿದ್ದರು. ಮನೆಗೆ ಬರುವ ತಂತಿಯೊಂದನ್ನೇ ಅಳೆದು, ಒಳಗೆ ಯಾವ ಯಂತ್ರ ಯಾವಾಗ ಓಡುತ್ತಿದೆ ಅಂತ ಬಿಡಿಸಿ ಹೇಳುವ ವಿಧಾನ ಅದು. ಫ್ರಿಜ್ಜು ಕರೆಂಟು ಎಳೆಯುವ ರೀತಿ ಒಂದು, ಪಂಪಿನದು ಇನ್ನೊಂದು. ಇದು ಜನರ ಮೇಲೆ ಕಣ್ಣಿಡುವ ಸಾಧನವೂ ಆಗಬಹುದು ಅಂತ 1989ರಲ್ಲಿ ಎಚ್ಚರಿಸಿದ್ದೂ ಅವರೇ. ಆಮೇಲೆ 2011ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ಸಂಶೋಧಕರು ಎರಡು ಸೆಕೆಂಡಿಗೊಮ್ಮೆ ಲೆಕ್ಕ ಕಳಿಸುವ ಮೀಟರ್ ಇಟ್ಟುಕೊಂಡು, ಟಿವಿಯಲ್ಲಿ ಯಾವ ಸಿನಿಮಾ ಓಡುತ್ತಿದೆ ಅನ್ನುವುದನ್ನೂ ಗುರುತಿಸಬಹುದು ಅಂತ ತೋರಿಸಿದರು. ಪರದೆ ಬೆಳಗಾದಾಗ, ಕಪ್ಪಾದಾಗ ಕರೆಂಟು ಏರಿಳಿಯುತ್ತದಲ್ಲ, ಅದರಿಂದ. ಹದಿನೈದು ನಿಮಿಷದ ಲೆಕ್ಕದಲ್ಲಿ ಅಷ್ಟೆಲ್ಲ ಕಾಣುವುದಿಲ್ಲ, ನಿಜ. ಆದರೆ ಎಷ್ಟು ಗಂಟೆಗೆ ಏಳುತ್ತೀರಿ, ಯಾವ ವಾರ ಊರಲ್ಲಿರಲಿಲ್ಲ, ಮನೆಯಲ್ಲಿ ಹಗಲು ಹೊತ್ತು ಯಾರಾದರೂ ಇರುತ್ತಾರಾ, ಇಷ್ಟು ತಿಳಿಯೋಕೆ ಅದೇ ಸಾಕು.

ನನ್ನ ತಕರಾರು ಮೀಟರಿನ ವಿಕಿರಣದ ಬಗ್ಗೆ ಅಲ್ಲ. ನಮ್ಮ ಕಿವಿಗೆ ಅಂಟಿಕೊಂಡಿರುವ ಮೊಬೈಲಿನಿಂದ ಬರುವುದೇ ಅದಕ್ಕಿಂತ ಜಾಸ್ತಿ. ಹೊಸ ಮೀಟರಿನಿಂದ ಉಪಯೋಗವಿಲ್ಲ ಅಂತಲೂ ಹೇಳುತ್ತಿಲ್ಲ. ಕರೆಂಟು ಹೋದದ್ದು ಕಂಪನಿಗೆ ತಾನಾಗೇ ಗೊತ್ತಾಗುತ್ತದೆ, ಅಂದಾಜಿನ ಬಿಲ್ ತಪ್ಪುತ್ತದೆ, ಮಾಳಿಗೆ ಮೇಲೆ ಸೋಲಾರ್ ಹಾಕಿಸಿದವರಿಗೆ ಎರಡೂ ಕಡೆಯ ಲೆಕ್ಕ ಸಿಗುತ್ತದೆ. ಇದನ್ನೆಲ್ಲ ಮೊದಲೇ ಬಂದು ವಿವರಿಸಿ ಕೇಳಿದ್ದರೆ ಬಹುಶಃ ಹೂಂ ಅಂದಿರುತ್ತಿದ್ದೆ. ಕೇಳಲಿಲ್ಲ, ಯಾಕೆಂದರೆ ಕೇಳುವ ಅಗತ್ಯವೇ ಅವರಿಗಿಲ್ಲ. ಈ ಕಂಪನಿ ಬೇಡ ಅಂದರೆ ನಾನು ಹೋಗಬೇಕಾದದ್ದು ಕತ್ತಲೆಗೆ.

ಈ ಏಕಸ್ವಾಮ್ಯ ತಾನಾಗೇ ಹುಟ್ಟಿದ್ದಲ್ಲ. ಷಿಕಾಗೋದ ವಿದ್ಯುತ್ ಕಂಪನಿ ನಡೆಸುತ್ತಿದ್ದ ಸ್ಯಾಮುಯಲ್ ಇನ್ಸಲ್ 1898ರಲ್ಲಿ ತನ್ನ ಉದ್ಯಮದವರ ಮುಂದೆ ಒಂದು ಮಾತು ಇಟ್ಟರು: ಒಂದು ಊರಿಗೆ ಒಂದೇ ಕಂಪನಿ ಇರಲಿ, ಬದಲಿಗೆ ದರವನ್ನು ಸರಕಾರ ಗೊತ್ತುಮಾಡಲಿ. 1907ರಲ್ಲಿ ನ್ಯೂಯಾರ್ಕ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳು ಇಂಥ ನಿಯಂತ್ರಣ ಆಯೋಗಗಳನ್ನು ಮಾಡಿದವು. ಒಂದೇ ಬೀದಿಯಲ್ಲಿ ಮೂರು ಕಂಪನಿಗಳ ಕಂಬ ನೆಡುವುದು ದಂಡದ ಖರ್ಚು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಒಪ್ಪಂದದಲ್ಲಿ ಇನ್ನೊಂದು ಗಂಟು ಇದೆ. ಹೀಗೆ ನಿಯಂತ್ರಣದಲ್ಲಿರುವ ಎಷ್ಟೋ ಕಂಪನಿಗಳಿಗೆ, ಹಾಕಿದ ಬಂಡವಾಳದ ಮೇಲೆ ಇಂತಿಷ್ಟು ಲಾಭ ಅಂತ ದರದಲ್ಲೇ ಸೇರಿಸಿಕೊಡುತ್ತಾರೆ. ಹಾಗಾಗಿ ಬಂಡವಾಳ ಜಾಸ್ತಿ ಹಾಕಿದಷ್ಟೂ ಅವರಿಗೆ ಒಳ್ಳೆಯದು. ಆವರ್ಚ್ ಮತ್ತು ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ವಿವರಿಸಿ ಬರೆದಿದ್ದಾರೆ. ಚೆನ್ನಾಗಿ ಓಡುತ್ತಿದ್ದ ಲಕ್ಷಗಟ್ಟಲೆ ಮೀಟರುಗಳನ್ನು ಕಿತ್ತು ಹೊಸದು ಹಾಕುವ ಅವಸರ ನೋಡಿದಾಗ ನನಗೆ ನೆನಪಾಗುವುದು ಇದೇ. ಖರ್ಚು ಕೊನೆಗೆ ಬರುವುದು ನಮ್ಮ ಬಿಲ್ಲಿಗೆ.

ಅದೇ ಷಿಕಾಗೋದ ಹತ್ತಿರ ನೇಪರ್‌ವಿಲ್ ಅಂತ ಒಂದು ಪಟ್ಟಣ. ಅಲ್ಲಿ ಕರೆಂಟು ಕೊಡುವುದು ನಗರಾಡಳಿತವೇ. ಹದಿನೈದು ನಿಮಿಷದ ಮೀಟರ್ ಬೇಡ ಅಂತ ನಿವಾಸಿಗಳು ಕೋರ್ಟಿಗೆ ಹೋದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಎರಡು ಮಾತು. ಸರಕಾರ ಹೀಗೆ ಲೆಕ್ಕ ತೆಗೆದುಕೊಳ್ಳುವುದು ಮನೆಯ ತಪಾಸಣೆಯೇ ಸರಿ, ಆದರೆ ಪೊಲೀಸ್ ಕೆಲಸಕ್ಕಲ್ಲದ ಕಾರಣ ಈ ತಪಾಸಣೆ ಸಮಂಜಸ. ನಿವಾಸಿಗಳು ಸೋತರು. ಆದರೂ ಆ ತೀರ್ಪಿನ ಒಂದು ಮಾತನ್ನು ನಾನು ಮರೆಯಲಾರೆ: ಮನೆಗೆ ಕರೆಂಟು ಬೇಕು ಅಂದ ಮಾತ್ರಕ್ಕೆ ಯಾರೂ ಸದಾ ತಮ್ಮ ಮೇಲೆ ಕಣ್ಣಿಡಲು ಒಪ್ಪಿದಂತಲ್ಲ, ಹೇರಿದ ಆಯ್ಕೆ ಆಯ್ಕೆಯೇ ಅಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಬೇರೆಯೇ ಆಯಿತು. ಮೀಟರ್ ಬೇಡ ಅಂದವರಿಗೆ ದಂಡ ಅಥವಾ ಜೈಲು ಅನ್ನುವ ಮಸೂದೆ ಅಲ್ಲಿ ಬಂದಿತ್ತು, ಜೈಲು! ಗ್ರಾಹಕರ ಸಂಘ ವಿಶ್ವವಿದ್ಯಾಲಯದಿಂದ ಅಧ್ಯಯನ ಮಾಡಿಸಿ, ಇದು ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧ ಅಂತ ಹಿಡಿದು ನಿಂತಿತು. 2009ರಲ್ಲಿ ಮೇಲ್ಮನೆ ಅದನ್ನು ತಡೆಯಿತು. ಆಮೇಲೆ ಬಂದ ಕಾನೂನಿನಲ್ಲಿ ಬೇಡ ಅನ್ನಲು ಅವಕಾಶ ಇತ್ತು, ಮೀಟರ್ ಇಟ್ಟುಕೊಂಡೇ ದೂರದಿಂದ ಲೆಕ್ಕ ಓದಿಸುವುದನ್ನು ನಿಲ್ಲಿಸಲೂ ಅವಕಾಶ ಇತ್ತು. ಬ್ರಿಟನ್ನಿನಲ್ಲೂ ಲೆಕ್ಕ ಅರ್ಧ ಗಂಟೆಗೋ, ದಿನಕ್ಕೋ, ತಿಂಗಳಿಗೋ ಅಂತ ಆರಿಸಿಕೊಳ್ಳುವ ಅವಕಾಶ ಮನೆಯವರಿಗೆ ಕೊಟ್ಟಿದ್ದರು. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಬೇಡ ಅನ್ನುವ ದಾರಿ ತೆರೆದರು, ಆದರೆ ಅದಕ್ಕೆ ಮೊದಲು 75 ಡಾಲರ್, ಆಮೇಲೆ ತಿಂಗಳಿಗೆ 10 ಡಾಲರ್ ಕಟ್ಟಬೇಕಿತ್ತು. ಮೊದಲಿನ ಹಾಗೇ ಇರುತ್ತೇನೆ ಅನ್ನುವುದಕ್ಕೂ ದುಡ್ಡು ಕೊಡಬೇಕಾ? ಕಡಿಮೆ ಸಂಬಳದವರಿಗೆ ಅಲ್ಲಿ ರಿಯಾಯಿತಿ ಇತ್ತು, ಆದರೂ ಇದು ನನಗೆ ಸರಿ ಕಾಣುವುದಿಲ್ಲ.

ನಾನು ಕಂಪನಿಗೆ ಪತ್ರ ಬರೆದಿದ್ದೇನೆ. ಮೀಟರ್ ಕಿತ್ತುಕೊಂಡು ಹೋಗಿ ಅಂತ ಕೇಳಿಲ್ಲ. ಲೆಕ್ಕವನ್ನು ತಿಂಗಳಿಗೊಮ್ಮೆ ಮಾತ್ರ ಓದುವ ಹಾಗೆ ಮಾಡಿಕೊಡುತ್ತೀರಾ, ಈವರೆಗೆ ಬರೆದುಕೊಂಡದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರ ಕೈಗೆ ಕೊಡುತ್ತೀರಿ, ಆಫೀಸಿನಲ್ಲಿ ಕೂತೇ ನಮ್ಮ ಮನೆಯ ಕರೆಂಟು ತೆಗೆಯುವ ಸೌಲಭ್ಯ ಇದರಲ್ಲಿದ್ದರೆ ಅದಕ್ಕೆ ಮುಂಚೆ ನಮಗೆ ಹೇಗೆ ತಿಳಿಸುತ್ತೀರಿ, ಇಷ್ಟು ಕೇಳಿದ್ದೇನೆ. ಹನ್ನೊಂದು ದಿನವಾಯಿತು, ಉತ್ತರ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಪತ್ರ ಬರೆದು ಲಿಖಿತ ಉತ್ತರ ಪಡೆದಿದ್ದರೆ ದಯವಿಟ್ಟು ತಿಳಿಸಿ, ಯಾವ ಪ್ರಶ್ನೆಗೆ ಏನಂದರು ಅನ್ನುವುದು ನನಗೆ ಬೇಕು.