ಕರೆಂಟು ಬಂದ ಮೇಲೆ ಲೈನಿನಲ್ಲಿ ನೋಡುವುದೇನಿದೆ?

“ಕಂಬ ನಿಂತಿದೆ, ತಂತಿ ಎಳೆದಾಗಿದೆ, ಕರೆಂಟೂ ಬಂದಿದೆ, ಇನ್ನು ನೀವು ಬಂದು ನೋಡುವುದೇನಿದೆ ಸ್ವಾಮಿ?” ಹೊಸ 11 ಕೆ.ವಿ. (11 ಸಾವಿರ ವೋಲ್ಟ್) ವಿದ್ಯುತ್ ಲೈನುಗಳ ಗುಣಮಟ್ಟ ಪರಿಶೀಲನೆಯ ಉಸ್ತುವಾರಿ ನನ್ನದೆಂದು ತಿಳಿದ ಕೂಡಲೇ ಹೊಲದ ಯಜಮಾನರಿಂದ ಹಿಡಿದು ನೆಂಟರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಕಣ್ಣಿಗೆ ಕಾಣುವ ಭಾಗದಲ್ಲಿ ನೋಡುವುದು ನಿಜಕ್ಕೂ ಹೆಚ್ಚಿಲ್ಲ. ಲೈನು ಮಳೆಗಾಳಿಗೆ ತಡೆಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಕೆಲಸ ಬಹುಪಾಲು ಮಣ್ಣಿನಡಿ ಮುಚ್ಚಿಹೋಗಿರುತ್ತದೆ.

ಕಂಬವನ್ನೇ ತೆಗೆದುಕೊಳ್ಳಿ. ಅದರ ಉದ್ದದ ಆರನೆಯ ಒಂದು ಭಾಗ ನೆಲದೊಳಗಿರಬೇಕೆಂಬುದು ರೂಢಿಯ ಲೆಕ್ಕ, ಅಂದರೆ 9 ಮೀಟರ್ ಸಿಮೆಂಟ್ ಕಂಬ 1.5 ಮೀಟರ್ ಹೂತಿರಬೇಕು. ಬಯಲುಸೀಮೆಯಲ್ಲಿ ಮೂರಡಿಗೇ ಬಂಡೆ ಸಿಕ್ಕಿದರೆ ಗುಂಡಿಯೂ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಪತ್ತೆಮಾಡಲು ಅಗೆಯಬೇಕಿಲ್ಲ. ನೆಲದ ಮೇಲೆ 7.5 ಮೀಟರ್‌ಗಿಂತ ಹೆಚ್ಚು ಕಂಡರೆ, ಹೆಚ್ಚು ಕಂಡಷ್ಟೂ ಬುಡದಲ್ಲಿ ಕಡಿಮೆಯಾಗಿದೆ. ತಮಾಷೆಯೆಂದರೆ, ಹೀಗೆ ಮೇಲೆ ಮೇಲೆ ನೆಟ್ಟ ಕಂಬಗಳಿಂದ ರಸ್ತೆ ದಾಟುವಲ್ಲಿ ತಂತಿಗೆ ಬೇಕಾದ 6.1 ಮೀಟರ್ ಎತ್ತರ ಸಲೀಸಾಗಿ ಸಿಗುತ್ತದೆ, ವರದಿಯ ಆ ಕಾಲಂ ಒಂದನ್ನೇ ನೋಡಿದವರಿಗೆ ಕೆಲಸ ಬಹಳ ಚೆನ್ನಾಗಿದೆ ಎನ್ನಿಸುತ್ತದೆ.

ಲೈನನ್ನು ಪರಿಶೀಲಿಸುವುದಕ್ಕಿಂತ ಪರಿಶೀಲಿಸುವವರನ್ನು ನೋಡಿಕೊಳ್ಳುವುದೇ ನನಗೆ ಕಷ್ಟದ ಕೆಲಸ. ಒಮ್ಮೆ ನಮ್ಮ ಹುಡುಗನೊಬ್ಬ ತಂದ ವರದಿಯಲ್ಲಿ ಐದು ಟಿ.ಸಿ.ಗಳ (ಟ್ರಾನ್ಸ್‌ಫಾರ್ಮರ್‌ಗಳ) ಅರ್ಥಿಂಗ್ ರೋಧ, ಅಂದರೆ ಸೋರಿದ ಕರೆಂಟು ನೆಲಕ್ಕಿಳಿಯಲು ಇರುವ ಅಡ್ಡಿ, ಐದಕ್ಕೂ 4.2 ಓಮ್ ಎಂದಿತ್ತು. ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂದು ಟಿ.ಸಿ. ಕೆರೆಯ ಅಂಗಳದ ಪಕ್ಕದಲ್ಲಿದ್ದರೆ ಮತ್ತೊಂದು ಕಲ್ಲುಗುಡ್ಡದ ಮೇಲಿತ್ತು. ಎರಡೂ ಮಣ್ಣು ಒಂದೇ ಅಂಕಿ ಕೊಡುವುದು ಎಲ್ಲಾದರೂ ಉಂಟೇ? ಮರುದಿನ ಅವನನ್ನೇ ಕರೆದುಕೊಂಡು ಗುಡ್ಡಕ್ಕೆ ಹೋಗಿ, ಲೈನ್ ಆಫ್ ಮಾಡಿಸಿ, ನೆಲಕ್ಕಿಳಿಯುವ ಲೋಹದ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ ಮೀಟರ್ ಹಚ್ಚಿದಾಗ ಮುಳ್ಳು 60 ಓಮ್ ದಾಟಿತು. ಪಟ್ಟಿಯನ್ನು ಕೈಯಿಂದ ಎಳೆದೆ. ಒಂದೂವರೆ ಅಡಿ ಪಟ್ಟಿ ಮಣ್ಣು ಕೊಡವಿಕೊಂಡು ಮೇಲೆ ಬಂತು. ಅದರ ತುದಿಯಲ್ಲಿ, ಮಣ್ಣಿನಲ್ಲಿ ಹೂತಿರಬೇಕಾದ ಅರ್ಥಿಂಗ್ ಪೈಪೇ ಇರಲಿಲ್ಲ. ಇಂಥ ಟಿ.ಸಿ.ಯ ಕಬ್ಬಿಣದ ಚೌಕಟ್ಟಿಗೆ ಕರೆಂಟು ಸೋರಿದ ದಿನ, ಅಲ್ಲಿ ಮೈ ಉಜ್ಜಲು ಬಂದ ದನವೇ ಅದಕ್ಕೆ ನೆಲದ ದಾರಿಯಾಗುತ್ತದೆ. “ಮೀಟರಿನ ಬ್ಯಾಟರಿ ಮುಗಿದಿತ್ತು ಸರ್, ಕಂಟ್ರಾಕ್ಟರ್ ಹೇಳಿದ್ದನ್ನು ಬರೆದೆ” ಎಂದ ಅವನ ಮಾತು ಸುಳ್ಳಲ್ಲ, ಬ್ಯಾಟರಿ ಕೊಡಿಸಬೇಕಾದವನು ನಾನೇ ಆಗಿದ್ದೆ.

ಆಮೇಲೆ ಎರಡು ಪದ್ಧತಿಗಳನ್ನು ಬದಲಾಯಿಸಿದೆ. ಯಾವ ಕಂಬಗಳನ್ನು ಅಳೆಯಬೇಕೆಂಬುದನ್ನು ನಕ್ಷೆ ನೋಡಿ ಕಚೇರಿಯಲ್ಲೇ ಗುರುತು ಹಾಕಿ ಕಳಿಸುತ್ತೇನೆ, ಇಲ್ಲವಾದರೆ ಜೀಪು ನಿಲ್ಲುವ ಕಂಬಗಳಷ್ಟೇ ವರದಿಗೆ ಬರುತ್ತವೆ, ರಾಗಿ ಹೊಲದ ನಡುವೆ ಲೈನು ತಿರುಗುವ ಕಡೆ ಸ್ಟೇ (ಕಂಬ ವಾಲದಂತೆ ಓರೆಯಾಗಿ ನೆಲಕ್ಕೆ ಬಿಗಿದ ತಂತಿ) ಕೊಟ್ಟ ಕಂಬ ಬರುವುದಿಲ್ಲ. ಅರ್ಥಿಂಗ್ ಅಂಕಿಯ ಪಕ್ಕದಲ್ಲಿ ಮಣ್ಣು ಒಣಗಿತ್ತೋ ಒದ್ದೆಯಿತ್ತೋ ಎಂದು ಬರೆಯಲೇಬೇಕು, ಏಕೆಂದರೆ ನಾವು ಬರುವ ಮುನ್ನ ಗುಂಡಿಗೆ ನಾಲ್ಕು ಬಿಂದಿಗೆ ನೀರು ಸುರಿದು ಅಂಕಿ ಇಳಿಸುವ ಉಪಾಯ ಎಲ್ಲರಿಗೂ ಗೊತ್ತಿದೆ. ಇಷ್ಟಾದರೂ ಸ್ಟೇ ತಂತಿಯನ್ನು ಮಣ್ಣಿನಡಿ ಹಿಡಿದಿಡುವ ಪ್ಲೇಟು ಎಷ್ಟು ಆಳದಲ್ಲಿದೆ, ಕಾಂಕ್ರೀಟ್ ಎಷ್ಟು ಬಿದ್ದಿದೆ ಎಂಬುದು ಆಮೇಲೆ ಅಗೆಯದೆ ತಿಳಿಯುವುದಿಲ್ಲ. ಆದ್ದರಿಂದ ಗುಂಡಿ ಮುಚ್ಚುವ ಹಿಂದಿನ ದಿನ ಫೋನ್ ಮಾಡಬೇಕೆಂದು ಕಂಟ್ರಾಕ್ಟರುಗಳಿಗೆ ಹೇಳಿದ್ದೇನೆ. ಕೆಲವರು ಮಾಡುತ್ತಾರೆ, ಮಾಡದವರ ಒಂದೆರಡು ಗುಂಡಿಗಳನ್ನು ಬಿಲ್ಲಿಗೆ ಸಹಿ ಹಾಕುವ ಮೊದಲು ಅವರಿಂದಲೇ ಮತ್ತೆ ಅಗೆಸುತ್ತೇನೆ.