ಒದ್ದೆ ಬಟ್ಟೆ ಹಾಕಬೇಕಾದ ಜಾಗ

ಕಳೆದ ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಇಂಗ್ಲೆಂಡಿನ ಕೊವೆಂಟ್ರಿಯ ದಕ್ಷಿಣಕ್ಕೆ ಫಾಸ್ ವೇ ರಸ್ತೆಯಲ್ಲಿ, ನನ್ನ ಕಾರು ಮೂರನೇ ಸಲ ನಿಂತಿತು. ಮೊದಲೆರಡು ಸಲವೂ ಹೀಗೇ ಆಗಿತ್ತು. ಮನೆ ಬಿಟ್ಟು ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ಎರಡು ಮೂರು ಸಲ ಜಗ್ಗುತ್ತದೆ, ಕೊನೆಗೆ ಎಂಜಿನ್ ಆಫ್. ಬಾನೆಟ್ ಎತ್ತಿ 20 ನಿಮಿಷ ಸುಮ್ನೆ ಕೂತರೆ ಒಂದೇ ಕೀಗೆ ಸ್ಟಾರ್ಟ್ ಆಗುತ್ತದೆ. ಬಿಸಿಯಾದಾಗ ಮಾತ್ರ ಬರುವ ತೊಂದರೆ ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಟೂಲ್ಸ್ ತೆಗೆದು ಕೂರುವಷ್ಟರಲ್ಲಿ ಅದು ಮಾಯವಾಗಿರುತ್ತದೆ.

ಕಾರು 1972ರ ಎಂಜಿಬಿ ರೋಡ್‌ಸ್ಟರ್. ಎರಡು ಸೀಟು, ಬಟ್ಟೆಯ ಹುಡ್, ಕಡು ಹಸಿರು ಬಣ್ಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಈ ಮಾದರಿಯ ಕಾರುಗಳು 5 ಲಕ್ಷಕ್ಕೂ ಜಾಸ್ತಿ ತಯಾರಾದವು. ಹಾಗಾಗಿ ಇವತ್ತಿಗೂ ಇದರ ಪಾರ್ಟ್ಸಿಗೆ ಬರವಿಲ್ಲ, ಪೂರ್ತಿ ಬಾಡಿಯೇ ಹೊಸದಾಗಿ ಸಿಗುತ್ತದೆ. 40 ವರ್ಷ ದಾಟಿದ ಕಾರಾದ್ದರಿಂದ ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕಿಲ್ಲ, ವರ್ಷಕ್ಕೊಮ್ಮೆ ಮಾಡಿಸುವ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಅಂದರೆ ಕಾರು ಸರಿಯಾಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಜವಾಬ್ದಾರಿ ಪೂರ್ತಿ ನನ್ನದೇ. ನಾನೇ ಮನೆಯಲ್ಲಿ ಕೆಲಸ ಕಲಿತದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ಅಪ್ಪ. ಅವರು ಹಾಸನದಲ್ಲಿ ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಬೇಲೂರು, ಹಳೇಬೀಡು, ಮದುವೆ ಸೀಸನ್ನಿನಲ್ಲಿ ಧರ್ಮಸ್ಥಳ. ನಮ್ಮ ಟ್ಯಾಕ್ಸಿಯಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಈ ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ಮನೆತನದವು. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಕಾರ್ ಮೇಳದಲ್ಲಿ ಎಂಜಿಬಿಯ ಬಾನೆಟ್ ಕೆಳಗೆ ಬಗ್ಗಿ ನೋಡಿದಾಗ ನನಗೆ ಎಲ್ಲಾ ಗುರುತು ಸಿಕ್ಕಿತು. ಬಲಗಡೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್, ಎಡಗಡೆ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್, ಅದರ ಕೆಳಗೇ ಸೈಲೆನ್ಸರ್ ಪೈಪು. ವ್ಯತ್ಯಾಸ ಅಂದರೆ ಇದಕ್ಕೆ ಕಾರ್ಬ್ಯುರೇಟರ್ ಎರಡು, ಅಷ್ಟೇ. ಚಿಕ್ಕಂದಿನಲ್ಲಿ ಅಪ್ಪನಿಗೆ ಟಾರ್ಚ್ ಹಿಡಿದು ನಿಂತಿದ್ದ ಜಾಗ ಅದು. ಆವತ್ತೇ ಇಂಥದ್ದೊಂದು ಕೊಳ್ಳಬೇಕು ಅಂದುಕೊಂಡೆ. ಕೊಳ್ಳಲು ಹನ್ನೊಂದು ವರ್ಷ ಬೇಕಾಯಿತು.

ಕಾರು ಮೊದಲ ಸಲ ನಿಂತಾಗ ಪೆಟ್ರೋಲಿನದೇ ತೊಂದರೆ ಎಂದು ನನಗೆ ಗ್ಯಾರಂಟಿಯಾಗಿತ್ತು. ಅದಕ್ಕೆ ಕಾರಣಗಳೂ ಇದ್ದವು. ಸೆಕೆ ಇತ್ತು. ಕಾರ್ಬ್ಯುರೇಟರಿನ ಕೆಳಗೇ ಎಕ್ಸಾಸ್ಟ್ ಇರುವುದರಿಂದ ಪೆಟ್ರೋಲು ಕಾದು ಆವಿಯಾಗುವುದು ಸಹಜ. 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲು ಎಂದರೆ ಇ10, ಅಂದರೆ ಅದರಲ್ಲಿ ಶೇ 10ರವರೆಗೆ ಎಥನಾಲ್ ಇರಬಹುದು, ಅದು ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಇದೆಲ್ಲಕ್ಕಿಂತ ಜಾಸ್ತಿ, ನನ್ನ ತಲೆಯಲ್ಲಿ ಒಂದು ಚಿತ್ರ ಗಟ್ಟಿಯಾಗಿ ಕೂತಿತ್ತು. ಶಿರಾಡಿ ಘಾಟಿ ಹತ್ತುವಾಗ ಅಂಬಾಸಿಡರ್ ನಿಂತರೆ ಅಪ್ಪ ಏರ್ ಲಾಕ್ ಆಗಿದೆ, ಅಂದರೆ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿದೆ ಎಂದು ಹೇಳಿ, ಹಳ್ಳದ ನೀರಲ್ಲಿ ಬಟ್ಟೆ ಅದ್ದಿ ತಂದು ಪೆಟ್ರೋಲ್ ಪಂಪಿನ ಮೇಲೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಾಡಿ ಹೊರಡುತ್ತಿತ್ತು. ಬಿಸಿಗೆ ನಿಂತ ಕಾರು, ಒದ್ದೆ ಬಟ್ಟೆ, ಪಂಪು. ನನ್ನ ಪಾಲಿಗೆ ಅವು ಮೂರೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಇನ್ನೂ ಒಂದು ಸಾಕ್ಷಿ ಇತ್ತು. ಹಳೇ ಕಾರು ಇಟ್ಟವರಲ್ಲಿ ಒಂದು ಮಾತಿದೆ. ಎಂಜಿನ್ ನಿಂತ ಮೇಲೂ ಗಾಡಿ ಗೇರಿನಲ್ಲೇ ಉರುಳುತ್ತಿದ್ದರೆ ಆರ್‌ಪಿಎಂ ಮುಳ್ಳನ್ನು ನೋಡಬೇಕು. ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಕರೆಂಟಿನ ತೊಂದರೆ, ಗಾಡಿಯ ವೇಗದ ಜೊತೆಗೇ ಇಳಿದರೆ ಪೆಟ್ರೋಲಿನದು. ನನ್ನ ಮುಳ್ಳು ಮೆಲ್ಲಗೆ, ವೇಗದ ಜೊತೆಗೇ ಇಳಿದಿತ್ತು. ಅಲ್ಲಿಗೆ ಮುಗಿಯಿತಲ್ವಾ ಎಂದುಕೊಂಡೆ.

ಹಾಗಾಗಿ ಮೂರು ವಾರ ಪೆಟ್ರೋಲಿನ ಹಿಂದೆ ಬಿದ್ದೆ. ಫಿಲ್ಟರ್ ಬದಲಾಯಿಸಿದೆ, ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದೆ, ಎಥನಾಲ್ ಕಡಿಮೆ ಇರುವ ಇ5 ಹಾಕಿಸಿದೆ. ಎಂಜಿಬಿಯ ಪಂಪು ಎಂಜಿನ್ ಹತ್ತಿರ ಇರುವುದಿಲ್ಲ, ಹಿಂದಿನ ಆಕ್ಸಲ್ ಹತ್ತಿರ ಇರುತ್ತದೆ, ಕರೆಂಟಿನಲ್ಲಿ ಓಡುವಂಥದ್ದು. ಕೀ ಆನ್ ಮಾಡಿದರೆ ಟಿಕ್ ಟಿಕ್ ಎಂದು ಸದ್ದು ಮಾಡಿ, ಕಾರ್ಬ್ಯುರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತದೆ. ಆ ಸದ್ದು ಕೇಳಲು ಪ್ರತಿ ಸಲ ಹತ್ತು ಹದಿನೈದು ನಿಮಿಷ ಕೀ ಆನ್ ಇಟ್ಟು, ಎಂಜಿನ್ ಆಫ್ ಮಾಡಿ, ಕಾರಿನ ಹಿಂದೆ ಮಲಗುತ್ತಿದ್ದೆ. ಪೈಪು ಬಿಚ್ಚಿ ಡಬ್ಬಕ್ಕೆ ಹಿಡಿದರೆ ಪೆಟ್ರೋಲು ಧಾರಾಳವಾಗಿ ಬಂತು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆಯೇ ಎಂದೂ ನೋಡಿದೆ. ಎಲ್ಲಾ ಸರಿ ಇತ್ತು. ಆದರೂ ಆ ಭಾನುವಾರ ಕಾರು ನಿಂತಿತು, ಪಕ್ಕದಲ್ಲಿ ಮಗಳು ಕೂತಿದ್ದಳು, ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದು ಕರೆದುಕೊಂಡು ಹೋಗಿದ್ದೆ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಿಂತಾಗ ಕಿಡಿ ನೋಡಿದ್ಯಾ?"

"ಇಲ್ಲಪ್ಪ. ಆರ್‌ಪಿಎಂ ಮುಳ್ಳು ಆಡ್ತಿತ್ತು, ಅದಕ್ಕೆ ಕರೆಂಟಿಂದು ಸರಿ ಇದೆ ಅಂದ್ಕೊಂಡೆ."

"ನಮ್ ಗಾಡೀಲಿ ಆ ಮುಳ್ಳೇ ಇರ್ಲಿಲ್ಲ ಕಣೋ. ಪ್ಲಗ್ ಬಿಚ್ಚಿ, ಕಿಡಿ ನೋಡೋದು ಅಷ್ಟೇ. ಕಾಯಿಲ್ ಕೈಲಿ ಮುಟ್ಟಿ ನೋಡು. ಕೈ ಇಡಕ್ ಆಗ್ದೇ ಇದ್ರೆ ಅದ್ರ ಮೇಲೆ ಒದ್ದೆ ಬಟ್ಟೆ ಹಾಕು."

"ಪಂಪಿನ ಮೇಲೆ ಅಲ್ವಾ?"

"ಪಂಪಿಗೂ ಹಾಕ್ತಿದ್ದೆ, ಕಾಯಿಲಿಗೂ ಹಾಕ್ತಿದ್ದೆ. ನೀನು ಒಂದೇ ನೋಡಿದ್ದೀಯ."

ಕಾಯಿಲ್ ಎಂದರೆ ಬ್ಯಾಟರಿಯ 12 ವೋಲ್ಟನ್ನು ಪ್ಲಗ್ಗಿನ ಕಿಡಿಗೆ ಬೇಕಾದಷ್ಟು ಏರಿಸುವ ಭಾಗ. ಮಾರನೇ ದಿನ ಕೆಲಸ ಮುಗಿಸಿ ಬಂದು ಮನೆ ಮುಂದೆಯೇ ಪರೀಕ್ಷೆ ಮಾಡಿದೆ. ಚೋಕ್ ಸ್ವಲ್ಪ ಎಳೆದು, ಶಾಖ ಒಳಗೇ ಉಳಿಯಲಿ ಎಂದು ಬಾನೆಟ್ ಮುಚ್ಚಿ, ಎಂಜಿನ್ ಓಡಲು ಬಿಟ್ಟೆ. 35ನೇ ನಿಮಿಷಕ್ಕೆ ಜಗ್ಗಲು ಶುರುಮಾಡಿ ನಿಂತಿತು. ತಕ್ಷಣ ಒಂದು ಪ್ಲಗ್ ವೈರಿಗೆ ಬೇರೆ ಪ್ಲಗ್ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ಒತ್ತಿ ಇಟ್ಟೆ. "ರೀ, ತಿರುಗಿಸ್ಲಾ?" ಎಂದು ಹೆಂಡತಿ ಒಳಗಿಂದ ಕೇಳಿದಳು. ತಿರುಗಿಸಿದಳು. ಕೆಂಪಗೆ, ಸೊರಗಿದ ಕಿಡಿ. ಮೂರು ಸಲಕ್ಕೊಮ್ಮೆ ಅದೂ ಇಲ್ಲ.

ಕಾಯಿಲ್ ಮುಟ್ಟಿದೆ. ಬಿಸಿ ಇರುವುದು ಸಹಜ, ಆದರೆ ಇದರ ಮೇಲೆ ಒಂದು ಕ್ಷಣವೂ ಬೆರಳು ನಿಲ್ಲಲಿಲ್ಲ. ಕೀ ಆಫ್ ಮಾಡಿ, ಮೇಲಿನ ವೈರುಗಳಿಗೆ ನೀರು ತಾಗದ ಹಾಗೆ ಒದ್ದೆ ಬಟ್ಟೆ ಸುತ್ತಿದೆ. ಐದು ನಿಮಿಷ ಬಿಟ್ಟು ನೋಡಿದರೆ ಕಿಡಿ ನೀಲಿಗೆ ತಿರುಗಿತ್ತು, ಎಂಜಿನ್ ಸ್ಟಾರ್ಟ್ ಆಯಿತು. ಇದು ಆಕಸ್ಮಿಕ ಇರಬಹುದಲ್ವಾ, ಹಾಗಾಗಿ ಇನ್ನೊಮ್ಮೆ ಕಾಯಿಸಿ ನಿಲ್ಲಿಸಿದೆ. ಈ ಸಲ ಬಟ್ಟೆ ಹಾಕದೆ ಐದು ನಿಮಿಷ ಕಾದೆ. ಸ್ಟಾರ್ಟ್ ಆಗಲಿಲ್ಲ. ಆಮೇಲೆ ಬಟ್ಟೆ ಹಾಕಿದೆ. ಆಯಿತು.

ಆಗ ಮುಳ್ಳಿನ ವಿಷಯ ಅರ್ಥವಾಯಿತು. ಮುಳ್ಳು ನೋಡುವುದು ಕಾಯಿಲಿನ 12 ವೋಲ್ಟಿನ ಕಡೆಯನ್ನು ಮಾತ್ರ. ಡಿಸ್ಟ್ರಿಬ್ಯೂಟರಿನೊಳಗೆ ಆ ಕರೆಂಟನ್ನು ಜೋಡಿಸಿ ಕಡಿಯುವ ಸ್ವಿಚ್ಚು, ಅಂದರೆ ಪಾಯಿಂಟ್, ತೆರೆದು ಮುಚ್ಚುತ್ತಿದ್ದರೆ ಅದಕ್ಕೆ ಅಷ್ಟೇ ಸಾಕು. ಕಾಯಿಲಿನೊಳಗೆ ಸಾವಿರಾರು ವೋಲ್ಟ್ ಹುಟ್ಟುವ ಇನ್ನೊಂದು ಸುತ್ತು ಬಿಸಿಗೆ ಕೈಕೊಟ್ಟರೆ ಮುಳ್ಳಿಗೆ ಗೊತ್ತೇ ಆಗುವುದಿಲ್ಲ.

ಹೊಸ ಕಾಯಿಲ್ ತಂದು ಹಾಕಿದರೆ ಆಯಿತು ಅನ್ನಿಸಿತು. ಆದರೆ ಮೂರು ವಾರ ಸುಮ್ನೆ ಪಾರ್ಟ್ಸ್ ಬದಲಾಯಿಸಿದ್ದೆನಲ್ಲ, ಈ ಸಲ ಮೊದಲು ಅಳೆದೇ ಬಿಡೋಣ ಎಂದು ಬೆಳಿಗ್ಗೆ ತಣ್ಣಗಿದ್ದಾಗ ವೈರು ಬಿಚ್ಚಿ ಮೀಟರ್ ಹಿಡಿದೆ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೇ 0.2 ತೋರಿಸುತ್ತಿತ್ತು. ಅದನ್ನು ಕಳೆದರೆ ಕಾಯಿಲ್ ಕರೆಂಟಿಗೆ ಒಡ್ಡುವ ತಡೆ 1.5 ಓಮ್. ನನ್ನ ಕಾರಿಗೆ ಬೇಕಾದದ್ದು ಸುಮಾರು 3 ಓಮ್.

ಇದು ಕೆಟ್ಟು ಹೀಗಾದದ್ದಲ್ಲ, ಕಾಯಿಲ್ಲೇ ಬೇರೆ ಜಾತಿಯದು. ಮುಂದೆ ಬಂದ, ಕಪ್ಪು ರಬ್ಬರ್ ಬಂಪರಿನ ಎಂಜಿಬಿಗಳಲ್ಲಿ ಕಾಯಿಲಿಗೆ ಹೋಗುವ ದಾರಿಯಲ್ಲಿ ಕರೆಂಟು ತಡೆಯುವ ಒಂದು ವಿಶೇಷ ವೈರು ಇರುತ್ತದೆ. ಅದಕ್ಕೆ ಬ್ಯಾಲಾಸ್ಟ್ ಎನ್ನುತ್ತಾರೆ. ಆ ಕಾರುಗಳಿಗೆ 1.5 ಓಮ್ ಕಾಯಿಲ್ ಸರಿ. ನನ್ನದು ಕ್ರೋಮ್ ಬಂಪರಿನದು, ಆ ವೈರು ಇಲ್ಲ. ಇದೆಯೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಕಾಯಿಲಿನ ವೈರುಗಳನ್ನು ಮತ್ತೆ ಸಿಕ್ಕಿಸಿ, ಪಾಯಿಂಟ್ ಮುಚ್ಚಿರುವ ಹಾಗೆ ಎಂಜಿನ್ ತಿರುಗಿಸಿಟ್ಟು, ಕೀ ಆನ್ ಮಾಡಿ ಬಿಳಿ ವೈರು ಬರುವ ಕಡೆ ವೋಲ್ಟ್ ಅಳೆದೆ. ಬ್ಯಾಟರಿಯಷ್ಟೇ ಇತ್ತು. ಬ್ಯಾಲಾಸ್ಟ್ ಇದ್ದಿದ್ದರೆ ಅರ್ಧದ ಹತ್ತಿರ ಬರಬೇಕಿತ್ತು. ಅಂದರೆ 4 ಆಂಪ್ ಹರಿಯಬೇಕಾದ ಕಾಯಿಲಿನಲ್ಲಿ 8 ಆಂಪ್ ಹರಿಯುತ್ತಿತ್ತು. ನಾನು ಪಂಪಿನ ಸದ್ದು ಕೇಳುತ್ತಾ ಕಾರಿನ ಹಿಂದೆ ಮಲಗಿದ್ದಾಗೆಲ್ಲ, ಪಾಯಿಂಟ್ ಮುಚ್ಚಿದ್ದರೆ, ಕಾಯಿಲ್ ಮುಂದೆ ಒಂದೇ ಸಮನೆ ಬೇಯುತ್ತಿತ್ತು.

ಕಾರಿನ ಜೊತೆ ಬಂದ ಹಳೇ ಬಿಲ್ಲುಗಳ ಫೈಲಿನಲ್ಲಿ ಹುಡುಕಿದೆ. ನಾನು ಕೊಳ್ಳುವ ಹಿಂದಿನ ವರ್ಷ ಯಾರೋ ಕಾಯಿಲ್ ಬದಲಾಯಿಸಿದ್ದರು. ಬಿಲ್ಲಿನಲ್ಲಿ "ಕಾಯಿಲ್, ಎಂಜಿಬಿ" ಅಂತಷ್ಟೇ ಇತ್ತು.

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದಾಗ ಪಾಯಿಂಟುಗಳ ಸ್ಥಿತಿ ನೋಡಿ ಬೇಜಾರಾಯಿತು. ಒಂದರ ಮೇಲೆ ಗುಡ್ಡ, ಇನ್ನೊಂದರಲ್ಲಿ ಗುಂಡಿ, ಸುತ್ತಲೂ ನೀಲಿ. ಉಜ್ಜಿ ಸರಿಮಾಡುವ ಹಂತ ದಾಟಿತ್ತು. 3 ಓಮ್ ಕಾಯಿಲ್, ಪಾಯಿಂಟ್ ಸೆಟ್, ಕಂಡೆನ್ಸರ್ ಮೂರನ್ನೂ ತರಿಸಿದೆ. ಕಾಯಿಲ್ ಬಂದ ತಕ್ಷಣ ಡಬ್ಬದಿಂದ ತೆಗೆದು ಮೊದಲು ಮೀಟರ್ ಹಿಡಿದೆ. 3.1 ಬಂತು.

ಶನಿವಾರ ಬೆಳಿಗ್ಗೆ ಎಲ್ಲಾ ಕೂರಿಸಿದೆ. ಪಾಯಿಂಟ್ ಸೆಟ್ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ನಾಲ್ಕನೇ ಗೇರು ಹಾಕಿ ಕಾರನ್ನು ಮೆಲ್ಲಗೆ ಮುಂದಕ್ಕೆ ದೂಡಿದರೆ ಎಂಜಿನ್ ತಿರುಗುತ್ತದೆ, ಪಾಯಿಂಟ್ ಪೂರ್ತಿ ತೆರೆದ ಜಾಗದಲ್ಲಿ ನಿಲ್ಲಿಸಿ 0.015 ಇಂಚಿನ ಫೀಲರ್ ಗೇಜ್ ತೂರಿಸಬೇಕು. ಗೇಜ್ ಸಡಿಲವಾಗಿ ಬೀಳಬಾರದು, ಪಾಯಿಂಟನ್ನು ದೂಡಲೂ ಬಾರದು, ಬೆರಳಿಗೆ ಸ್ವಲ್ಪ ಹಿಡಿದಂತೆ ಆಗಬೇಕು. ಸ್ಕ್ರೂ ಬಿಗಿ ಮಾಡಿದಾಗ ಅದು ಮತ್ತೆ ಬದಲಾಗುತ್ತದೆ, ಹಾಗಾಗಿ ಮತ್ತೆ ಅಳೆಯಬೇಕು. ನಾನು ನಾಲ್ಕು ಸಲ ಮಾಡಿದೆ. ಪ್ಲಗ್ ಗ್ಯಾಪನ್ನೂ ನೋಡಿದೆ, 0.025 ಇಂಚು. ಅಪ್ಪ ಇದಕ್ಕೆ ಗೇಜ್ ಬಳಸಿದ್ದನ್ನು ನಾನು ನೋಡಿಲ್ಲ, ಹ್ಯಾಕ್ಸಾ ಬ್ಲೇಡಿನ ತುಂಡು ತೂರಿಸಿ ನೋಡುತ್ತಿದ್ದರು. ನನ್ನ ಬ್ಲೇಡ್ ಅಳೆದರೆ ಅದೂ ಹೆಚ್ಚುಕಡಿಮೆ ಅಷ್ಟೇ ದಪ್ಪ ಇದೆ. ಕೊನೆಗೆ ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಸರಿಮಾಡಿದೆ, ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ.

ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ಮತ್ತೆ ಫಾಸ್ ವೇಗೆ ಹೋದೆ. ಅರ್ಧ ಗಂಟೆ ದಾಟಿತು, ಮುಕ್ಕಾಲು ಗಂಟೆ ದಾಟಿತು. ಮೊರ್ಟನ್ ಇನ್ ಮಾರ್ಶ್ ತಲುಪಿ ಐಸ್‌ಕ್ರೀಮ್ ತಿಂದೆವು. ಕಾಯಿಲ್ ಮುಟ್ಟಿ ನೋಡಿದೆ, ಬಿಸಿ ಇತ್ತು, ಆದರೆ ಕೈ ಇಡುವಂತಿತ್ತು. ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ಬಾನೆಟ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ಫೋನನ್ನು ಹತ್ತಿರ ಹಿಡಿದೆ. ಹಾಸನದಲ್ಲಿ ಆಗ ರಾತ್ರಿ ಎಂಟೂವರೆ. ಅಪ್ಪ ಊಟದ ತಟ್ಟೆ ಪಕ್ಕಕ್ಕಿಟ್ಟು ಕಿವಿ ಕೊಟ್ಟು ಕೇಳಿದರು.

"ಕಿಡಿ ಸರಿ ಆಯ್ತು. ಒಂದು ಟ್ಯಾಪೆಟ್ ಲೂಸಿದೆ, ನೋಡು" ಅಂದರು.

ಟ್ಯಾಪೆಟ್ ಲೂಸು ಎಂದರೆ ಒಂದು ವಾಲ್ವಿನ ಮೇಲಿನ ಗ್ಯಾಪ್ ಜಾಸ್ತಿಯಾಗಿದೆ ಎಂದರ್ಥ. ಭಾನುವಾರ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮೇಲಿನ ಕವರ್ ತೆಗೆದೆ. ಈ ಎಂಜಿನ್ನಿಗೆ ಎಂಟು ವಾಲ್ವ್, ಅಳೆಯುವ ಲೆಕ್ಕ ಒಂಬತ್ತರದು. 1ನೆಯದು ಪೂರ್ತಿ ತೆರೆದಾಗ 8ನೆಯದನ್ನು ಅಳೆಯಬೇಕು, 3ನೆಯದು ತೆರೆದಾಗ 6ನೆಯದನ್ನು, ಹೀಗೆ ಎರಡೂ ಕೂಡಿದರೆ ಒಂಬತ್ತು. ಟಾರ್ಚ್ ಹಿಡಿದು ನಿಂತಿದ್ದ ನನಗೆ ಕೂಡುವ ಲೆಕ್ಕ ಎಂದು ಅಪ್ಪ ಕಲಿಸಿದ್ದರು. ಈ ಸಲ ಟಾರ್ಚ್ ಮಗಳ ಕೈಯಲ್ಲಿತ್ತು. ಏಳು ವಾಲ್ವುಗಳಿಗೆ 0.015 ಇಂಚು ಸರಿಯಾಗಿ ಕೂತಿತು. 6ನೆಯದಕ್ಕೆ 0.020 ಕೂಡ ಸಲೀಸಾಗಿ ಹೋಯಿತು.